12 ಸೆಕೆಂಡ್‌ನ ಲೆಕ್ಕ: ರ‍್ಯಾಲಿ ಕಾರಿಗೆ ಬೆಂಕಿ ಆರಿಸೋ ಸಿಸ್ಟಮ್ ಹಾಕಿಸಿದ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಒಂದು ನಂಬರ್ ನೆನಪಿಟ್ಟುಕೊಳ್ಳಿ. 12 ಸೆಕೆಂಡ್.

ಇದೇನು ನಂಬರ್ ಅಂತೀರಾ? ರೇಸ್ ಡ್ರೈವರ್‌ಗಳು ಹಾಕೋ ಸೂಟ್ ಇದೆಯಲ್ಲ, ಅದಕ್ಕೆ ಅಂತಾರಾಷ್ಟ್ರೀಯ ಮೋಟರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಐಎ ಒಂದು ಪರೀಕ್ಷೆ ಇಟ್ಟಿದೆ. ಸ್ಟ್ಯಾಂಡರ್ಡ್ ನಂಬರ್ 8856-2018. ಬಟ್ಟೆಯ ಹೊರಗೆ ಬೆಂಕಿ ಹಿಡಿದಾಗ, ಒಳಗಿನ ಉಷ್ಣಾಂಶ 24 ಡಿಗ್ರಿ ಏರೋದಕ್ಕೆ ಕನಿಷ್ಠ 12 ಸೆಕೆಂಡ್ ಹಿಡೀಬೇಕು. ಅಂದ್ರೆ ಸೂಟ್ ಹಾಕಿದ ಕೂಡಲೇ ನೀವು ಬೆಂಕಿಯಲ್ಲಿ ಕೂತಿರಬಹುದು ಅಂತಲ್ಲ. ಸೂಟ್ ನಿಮಗೆ ಸ್ವಲ್ಪ ಸಮಯ ಕೊಡುತ್ತೆ, ಅಷ್ಟೇ. ಆ ಸಮಯದಲ್ಲಿ ನೀವು ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು, ಆಚೆ ಬರಬೇಕು. ಕಾರು ತಲೆಕೆಳಗಾಗಿದ್ರೆ? ಬಾಗಿಲು ಜಜ್ಜಿ ಹೋಗಿದ್ರೆ? ಅಲ್ಲಿಗೆ ಲೆಕ್ಕ ತಪ್ಪುತ್ತೆ. ಆ ತಪ್ಪೋ ಲೆಕ್ಕಕ್ಕೆ ಇನ್ನೊಂದಿಷ್ಟು ಸೆಕೆಂಡ್ ಸೇರಿಸೋದೇ ಕಾರಿನೊಳಗೆ ಕೂರಿಸೋ ಬೆಂಕಿ ಆರಿಸುವ ಸಿಸ್ಟಮ್‌ನ ಕೆಲಸ.

ನನಗೂ ಇದಕ್ಕೂ ಏನು ಸಂಬಂಧ ಅಂತ ಹೇಳಿಬಿಡ್ತೀನಿ. ನಾನು ಬಿಕಾಂ ಓದಿದವನು. ಸ್ಪ್ಯಾನರ್ ಹಿಡಿಯೋನಲ್ಲ. ನಮ್ಮ ದೊಡ್ಡಮ್ಮನ ಮಗ, ಅಂದ್ರೆ ನನ್ನ ಅಣ್ಣ, ರ‍್ಯಾಲಿ ಓಡಿಸ್ತಾನೆ. ಚಿಕ್ಕಮಗಳೂರು, ಕೊಡಗಿನ ಕಡೆ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ನಡೆಯುತ್ತಲ್ಲ, ಆ ಥರದ್ದು. ಅವನ ಟೀಮ್ ಅಂದ್ರೆ ಅವನು, ಅವನ ಕೋ-ಡ್ರೈವರ್, ಒಬ್ಬ ಮೆಕ್ಯಾನಿಕ್, ಒಬ್ಬ ಎಲೆಕ್ಟ್ರಿಶಿಯನ್, ಮತ್ತೆ ಲೆಕ್ಕ ಬರೆಯೋಕೆ ನಾನು. ಸ್ಪಾನ್ಸರ್ ಕೊಟ್ಟ ದುಡ್ಡು ಎಲ್ಲಿಗೆ ಹೋಯ್ತು ಅನ್ನೋ ಎಕ್ಸೆಲ್ ಶೀಟ್ ನನ್ನ ಲ್ಯಾಪ್‌ಟಾಪ್‌ನಲ್ಲಿರುತ್ತೆ. ಈ ಸೀಸನ್ ಶುರುವಾಗೋ ಮುಂಚೆ ಆ ಶೀಟ್‌ನ ಒಂದು ಸಾಲಿನ ಬಗ್ಗೆ ನಮ್ಮಲ್ಲಿ ದೊಡ್ಡ ಜಗಳವೇ ಆಯ್ತು. ಆ ಸಾಲು ಯಾವುದು ಅಂದ್ರೆ, "ಫೈರ್ ಸಿಸ್ಟಮ್".

ಹಳೇ ಪಾಠಗಳು

ಜಗಳಕ್ಕೆ ಹೋಗೋ ಮುಂಚೆ ಸ್ವಲ್ಪ ಇತಿಹಾಸ.

1973ರ ಜುಲೈ 29. ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್ ಟ್ರ್ಯಾಕ್. ರೋಜರ್ ವಿಲಿಯಮ್ಸನ್ ಅನ್ನೋ ಯುವ ಬ್ರಿಟಿಷ್ ಡ್ರೈವರ್‌ನ ಕಾರು ಮಗುಚಿ ಬಿದ್ದು ಬೆಂಕಿ ಹತ್ಕೊಳ್ತು. ಇನ್ನೊಬ್ಬ ಡ್ರೈವರ್ ಡೇವಿಡ್ ಪರ್ಲಿ ತನ್ನ ರೇಸ್ ಬಿಟ್ಟು ಓಡಿಬಂದು, ಒಬ್ಬನೇ ಆ ಕಾರನ್ನ ಎತ್ತೋಕೆ ಒದ್ದಾಡಿದ. ಮಾರ್ಷಲ್‌ಗಳಿಗೆ ಬೆಂಕಿ ತಡೆಯೋ ಬಟ್ಟೆ ಇರಲಿಲ್ಲ, ಹತ್ತಿರ ಹೋಗೋಕೆ ಆಗಲಿಲ್ಲ. ವಿಲಿಯಮ್ಸನ್ ಬದುಕಲಿಲ್ಲ. ಅದೂ ಟಿವಿ ಕ್ಯಾಮೆರಾ ಮುಂದೆ.

1976ರ ಆಗಸ್ಟ್ 1. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್. ನಿಕಿ ಲೌಡಾ ಬೆಂಕಿಯಲ್ಲಿ ಸಿಕ್ಕಿಹಾಕ್ಕೊಂಡ್ರು. ಅವರನ್ನ ಆಚೆ ಎಳೆದಿದ್ದು ಹಿಂದೆ ಬಂದ ಬೇರೆ ಡ್ರೈವರ್‌ಗಳು.

ಇನ್ನು 2020ರ ನವೆಂಬರ್ 29, ಬಹ್ರೇನ್. ಈ ವಿಡಿಯೊ ನೀವು ಖಂಡಿತ ನೋಡಿರ್ತೀರಿ. ರೊಮೇನ್ ಗ್ರೋಜಾನ್ ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ನುಗ್ಗಿ ಎರಡು ತುಂಡಾಯ್ತು. ಸುಮಾರು 28 ಸೆಕೆಂಡ್ ಬೆಂಕಿಯೊಳಗೆ ಇದ್ದು ಅವರೇ ಎದ್ದು ಬಂದ್ರು. ಕೈ ಸುಟ್ಟಿತ್ತು, ಜೀವ ಉಳೀತು. ಸೂಟ್, ಹೆಲ್ಮೆಟ್, ತಲೆ ಮೇಲಿನ ಹೇಲೋ, ಓಡಿಬಂದ ಮೆಡಿಕಲ್ ಕಾರಿನವರು, ಎಲ್ಲಾ ಸೇರಿ ಉಳಿಸಿದ್ದು.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ಬೇಕು. ಕಾರೇ ಎರಡು ತುಂಡಾಗಿ ಪೆಟ್ರೋಲ್ ಸುರಿದು ಹತ್ತಿದ ಬೆಂಕಿಯನ್ನ ಕಾರಿನೊಳಗಿನ ಒಂದು ಪುಟ್ಟ ಬಾಟಲ್ ಆರಿಸಿಬಿಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅದರ ಕೆಲಸ ಅದಲ್ಲ. ಫ್ಯೂಯಲ್ ಪೈಪ್ ಸೋರಿ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಬಾನೆಟ್ ಒಳಗೆ ಹತ್ತೋ ಬೆಂಕಿ. ವೈರ್ ಶಾರ್ಟ್ ಆಗಿ ಡ್ಯಾಶ್‌ಬೋರ್ಡ್ ಕೆಳಗೆ ಶುರುವಾಗೋ ಬೆಂಕಿ. ಮಗುಚಿದ ಕಾರಿನಲ್ಲಿ ಆಯಿಲ್ ಚೆಲ್ಲಿ ಹತ್ತೋ ಬೆಂಕಿ. ಇವನ್ನ ಮೊದಲ ಕೆಲವು ಸೆಕೆಂಡ್‌ನಲ್ಲೇ ಅದುಮಿ, ಒಳಗಿರೋರು ಇಳಿಯೋ ತನಕ ಹಿಡಿದಿಡೋದು. ಅಷ್ಟು ಮಾಡಿದ್ರೆ ಸಾಕು.

ಜಗಳ

ಈಗ ನಮ್ಮನೆ ಕಥೆ. ಅಣ್ಣನ ವಾದ ಸಿಂಪಲ್. "ಇಷ್ಟು ವರ್ಷ ಓಡಿಸಿದ್ದೀನಿ, ಒಂದ್ಸಲನೂ ಬೆಂಕಿ ಹತ್ತಿಲ್ಲ. ಕೈಯಲ್ಲಿ ಹಿಡಿಯೋ ಎಕ್ಸ್‌ಟಿಂಗ್ವಿಶರ್ ಇದ್ದೇ ಇದೆ. ಈ ವರ್ಷ ಸಸ್ಪೆನ್ಷನ್ ಮಾಡಿಸೋಣ, ಮುಂದಿನ ವರ್ಷ ಇದನ್ನ ನೋಡೋಣ ಕಣೋ."

ಅವನು ಹೇಳಿದ್ದು ಸುಳ್ಳಲ್ಲ. ಸಸ್ಪೆನ್ಷನ್ ಹಾಕಿದ್ರೆ ಸ್ಟೇಜ್ ಟೈಮ್ ಕಮ್ಮಿ ಆಗುತ್ತೆ, ಸ್ಪಾನ್ಸರ್ ಖುಷಿಯಾಗ್ತಾನೆ. ಫೈರ್ ಸಿಸ್ಟಮ್ ಹಾಕಿದ್ರೆ ಏನೂ ಕಾಣಲ್ಲ. ಉಲ್ಟಾ ಕಾರಿನ ತೂಕ ಜಾಸ್ತಿ ಆಗುತ್ತೆ.

ನಾನು ಕಾಮರ್ಸ್‌ನವನ ಹಾಗೇ ಯೋಚಿಸಿದೆ. ಕೈ ಎಕ್ಸ್‌ಟಿಂಗ್ವಿಶರ್ ಯಾವಾಗ ಉಪಯೋಗಕ್ಕೆ ಬರುತ್ತೆ? ನೀವು ಕಾರಿಂದ ಇಳಿದ ಮೇಲೆ. ಇಳಿಯೋಕೇ ಆಗದಿದ್ರೆ? ಅದು ನಿಮ್ಮ ಹಿಂದೆ ಕ್ಲಿಪ್‌ನಲ್ಲಿ ಸುಮ್ಮನೆ ಕೂತಿರುತ್ತೆ. ಹಾಗಾಗಿ ಒಂದಕ್ಕೆ ಇನ್ನೊಂದು ಬದಲಿ ಅಲ್ಲ. ಅಂತಾರಾಷ್ಟ್ರೀಯ ರ‍್ಯಾಲಿ ನಿಯಮದಲ್ಲಿ ಎರಡನ್ನೂ ಕೇಳೋದು ಇದಕ್ಕೇ. ಕಾರಿನ ಭಾಗವಾಗಿ ಕೂರಿಸಿದ ಸಿಸ್ಟಮ್ ಒಂದು, ಕೈಯಲ್ಲಿ ಹಿಡಿಯೋದು ಒಂದು.

ಆದ್ರೆ ಜಗಳ ನಿಲ್ಲಿಸಿದ್ದು ನನ್ನ ಲೆಕ್ಕ ಅಲ್ಲ. ಅಷ್ಟೊತ್ತೂ ಸುಮ್ಮನೆ ಟೀ ಕುಡೀತಾ ಕೂತಿದ್ದ ಕೋ-ಡ್ರೈವರ್ ಒಂದೇ ಮಾತು ಕೇಳಿದ: "ಆ ಕಾರಲ್ಲಿ ನಾನೂ ಕೂರ್ತೀನಿ ಅಲ್ವಾ?"

ಅಣ್ಣ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಸರಿ, ಬರಿ" ಅಂದ. ಬರೆದೆ.

ಯಾವ ಬಾಟಲ್?

ಮೊದಲು ನಮಗೆ ಬಂದ ಆಫರ್ ಏನು ಗೊತ್ತಾ? ಸೆಕೆಂಡ್ ಹ್ಯಾಂಡ್ ಬಾಟಲ್. ಅರ್ಧಕ್ಕಿಂತ ಕಮ್ಮಿ ರೇಟು. "ಒಂದ್ಸಲನೂ ಯೂಸ್ ಮಾಡಿಲ್ಲ, ಹೊಸದೇ" ಅಂದ್ರು. ಬಾಟಲ್ ಮೇಲಿನ ಸ್ಟಿಕ್ಕರ್ ಓದಿದೆ. ಲೆಕ್ಕ ಬರೆಯೋನಿಗೆ ಡೇಟ್ ಓದೋ ಚಟ ಇರುತ್ತೆ. ಸರ್ವಿಸ್ ಆಗಬೇಕಾದ ದಿನ ಮುಗಿದು ಬಹಳ ಕಾಲ ಆಗಿತ್ತು. ಎಫ್‌ಐಎ ನಿಯಮದ ಪ್ರಕಾರ ತುಂಬಿಸಿದ ದಿನದಿಂದ ಅಥವಾ ಹಿಂದಿನ ತಪಾಸಣೆಯಿಂದ 24 ತಿಂಗಳೊಳಗೆ ಮತ್ತೆ ತಪಾಸಣೆ ಆಗಲೇಬೇಕು. ಒಳಗಿನ ಪ್ರೆಶರ್ ಇದೆಯಾ, ಸೀಲ್ ಒಣಗಿದೆಯಾ ಅಂತ ಹೊರಗಿಂದ ಹೇಳೋಕಾಗಲ್ಲ. ಬೇಡ ಅಂದ್ವಿ. ಹಾಲಿನ ಪ್ಯಾಕೆಟ್ ತಗೊಳ್ಳುವಾಗ ಡೇಟ್ ನೋಡ್ತೀವಿ, ಇದಕ್ಕೆ ನೋಡಬೇಡವಾ?

ಇನ್ನು ಬಾಟಲ್ ಒಳಗೆ ಏನಿರುತ್ತೆ ಅನ್ನೋದು. ಮುಖ್ಯವಾಗಿ ಮೂರು ಥರ.

ಒಂದು, ನೊರೆ. ಎಎಫ್‌ಎಫ್‌ಎಫ್ ಅಂತಾರೆ. ನೀರಿಗೆ ಬೆರೆಸಿದ ದ್ರವ. ಪೆಟ್ರೋಲ್ ಮೇಲೆ ತೆಳ್ಳಗೆ ಪದರ ಥರ ಹರಡಿ, ಗಾಳಿ ಸಿಗದ ಹಾಗೆ ಮಾಡುತ್ತೆ, ಜೊತೆಗೆ ತಣ್ಣಗೂ ಮಾಡುತ್ತೆ. ಇದರ ಮೇಲೂ ಒಂದು ತಕರಾರಿದೆ. ಇದರಲ್ಲಿರೋ ಫ್ಲೋರಿನ್ ರಾಸಾಯನಿಕ ಮಣ್ಣಲ್ಲಿ, ನೀರಲ್ಲಿ ವಿಘಟನೆಯಾಗದೇ ಉಳಿದುಬಿಡುತ್ತೆ ಅಂತ ಹಲವು ದೇಶಗಳು ಇದನ್ನ ಬಿಡೋ ದಾರೀಲಿವೆ.

ಎರಡು, ಗ್ಯಾಸ್ ಥರದ್ದು. ಒಂದು ಕಾಲದಲ್ಲಿ ಹ್ಯಾಲಾನ್ ಬಳಸ್ತಿದ್ರು. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹೋಯ್ತು. ಈಗ ಬೇರೆ ಬೇರೆ ಬದಲಿಗಳಿವೆ. ಅನುಕೂಲ ಏನಂದ್ರೆ, ಸಂದಿಗೊಂದಿಗೂ ನುಗ್ಗುತ್ತೆ, ಗಲೀಜಾಗಲ್ಲ. ಅನಾನುಕೂಲ, ಗಾಜು ಒಡೆದು ಗಾಳಿ ಆಡ್ತಿದ್ರೆ ಬೇಗ ಚದುರಿಹೋಗುತ್ತೆ.

ಮೂರು, ಪೌಡರ್. ಬೆಂಕಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಮುಚ್ಚಿದ ಕಾರಿನೊಳಗೆ ಪೌಡರ್ ಬಿಟ್ರೆ ಕಣ್ಣು ಕಾಣಲ್ಲ, ಉಸಿರು ಕಟ್ಟುತ್ತೆ. ಬಾಗಿಲ ಹಿಡಿ ಹುಡುಕಬೇಕಾದ ಹೊತ್ತಲ್ಲಿ ಅದು ಬೇಡ.

ನಾವು ಎಫ್‌ಐಎ ಪಟ್ಟಿಯಲ್ಲಿರೋ ನೊರೆ ಸಿಸ್ಟಮ್ ತಗೊಂಡ್ವಿ. ನೀವು ಯಾರಾದ್ರೂ ಕಾರ್ ಕಟ್ತಿದ್ರೆ, ನಿಮ್ಮ ಕ್ಲಾಸ್‌ಗೆ ಯಾವುದು ಬೇಕು ಅನ್ನೋದನ್ನ ಆ ವರ್ಷದ ಎಫ್‌ಎಂಎಸ್‌ಸಿಐ ರೂಲ್ ಬುಕ್‌ನಲ್ಲೇ ನೋಡಿ. ಗ್ಯಾರೇಜ್ ಮಾತು ಕೇಳಿ ದುಡ್ಡು ಹಾಕಬೇಡಿ.

ಕೂರಿಸೋದು

ಈಗ ಅಸಲಿ ಕೆಲಸ. ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು, ಪ್ರಿಂಟ್ ತೆಗೆದ ಮ್ಯಾನ್ಯುಯಲ್ ಓದ್ತಾ ಕೂತೆ. ಮೆಕ್ಯಾನಿಕ್‌ ಅಣ್ಣ ಕೆಲಸ ಮಾಡಿದ್ರು.

ಮೊದಲನೇ ಪ್ರಶ್ನೆ, ಬಾಟಲ್ ಎಲ್ಲಿ? ಅಪಘಾತ ಆದಾಗ ಜಜ್ಜಿಹೋಗದ ಜಾಗ ಬೇಕು. ರೋಲ್ ಕೇಜ್ ಒಳಗಡೆ, ಸೀಟ್‌ಗಳ ಹಿಂದೆ, ನೆಲಕ್ಕೆ ಹತ್ತಿರ ಅಂತ ತೀರ್ಮಾನ ಆಯ್ತು. ಬಾಟಲ್ ಹಿಡಿಯೋ ಬ್ರಾಕೆಟ್ 25 ಜಿ ತಡೀಬೇಕು ಅನ್ನೋದು ನಿಯಮ. 25 ಜಿ ಅಂದ್ರೇನು? ಬಾಟಲ್ 6 ಕೆಜಿ ಇದೆ ಅಂದ್ಕೊಳ್ಳಿ. ಡಿಕ್ಕಿ ಹೊಡೆದ ಆ ಕ್ಷಣ ಅದು 150 ಕೆಜಿ ತೂಕದ ಹಾಗೆ ಮುಂದಕ್ಕೆ ಎಳೆಯುತ್ತೆ. ಎರಡು ಚೀಲ ಅಕ್ಕಿ ತರೋ ಲಗೇಜ್ ಹಗ್ಗದಲ್ಲಿ ಕಟ್ಟೋ ವಿಷಯ ಅಲ್ಲ ಇದು. ಕಾರಿನ ತೆಳು ತಗಡಿಗೆ ಸುಮ್ಮನೆ ಸ್ಕ್ರೂ ಹಾಕಿದ್ರೆ ತಗಡೇ ಹರಿದು ಬರುತ್ತೆ. ಅದಕ್ಕೇ ನೆಲದ ಕೆಳಗಡೆ ದಪ್ಪ ಉಕ್ಕಿನ ಪ್ಲೇಟ್ ಕೊಟ್ಟು, ಒಳ್ಳೆ ಗ್ರೇಡ್ ಬೋಲ್ಟ್ ಹಾಕಿ, ಮೇಲೆ ಲೋಹದ ಪಟ್ಟಿ ಬಿಗಿದ್ರು. ಪ್ಲಾಸ್ಟಿಕ್ ಟೈ ಹತ್ತಿರಕ್ಕೂ ಸೇರಿಸಲಿಲ್ಲ.

ಎರಡನೇದು, ಪೈಪ್. ಬಾಟಲ್‌ನಿಂದ ಒಂದು ಲೈನ್ ಇಂಜಿನ್ ಕಡೆಗೆ, ಒಂದು ಕ್ಯಾಬಿನ್ ಕಡೆಗೆ. ಎಲ್ಲೂ ಚೂಪಾಗಿ ಮಡಚಬಾರದು. ಮಡಚಿದ ಜಾಗದಲ್ಲಿ ನೊರೆ ಹರಿಯಲ್ಲ. ಇಂಜಿನ್ ರೂಮ್‌ಗೆ ಹೋಗೋ ತೂತಿಗೆ ರಬ್ಬರ್ ಬುಷ್ ಹಾಕ್ಬೇಕು, ಇಲ್ಲಾಂದ್ರೆ ತಗಡಿನ ಅಂಚು ಪೈಪನ್ನ ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತೆ. ಎಕ್ಸಾಸ್ಟ್‌ನಿಂದ ದೂರ ಇರಬೇಕು. ಮಣ್ಣು ರಸ್ತೆಯ ರ‍್ಯಾಲಿಯಲ್ಲಿ ಕೆಳಗಿಂದ ಕಲ್ಲು ಸಿಡಿಯುತ್ತಲೇ ಇರುತ್ತೆ, ಹಾಗಾಗಿ ಪೈಪ್ ಕಾರಿನ ಒಳಗಿಂದಲೇ ಹೋಗಬೇಕು.

ಮೂರನೇದು, ನಾಝಲ್. ನೊರೆ ಚಿಮ್ಮೋ ಮೂತಿ. ಇಂಜಿನ್‌ನಲ್ಲಿ ಎಲ್ಲಿ ಬೆಂಕಿ ಹತ್ತೋ ಸಾಧ್ಯತೆ ಜಾಸ್ತಿನೋ ಅಲ್ಲಿಗೆ ತಿರುಗಿಸಬೇಕು: ಇಂಜೆಕ್ಟರ್, ಫ್ಯೂಯಲ್ ಲೈನ್ ಒಂದು ಕಡೆ, ಬಿಸಿ ಎಕ್ಸಾಸ್ಟ್ ಇನ್ನೊಂದು ಕಡೆ. ಕ್ಯಾಬಿನ್‌ನಲ್ಲಿ ಇಬ್ಬರ ಕಾಲು, ಹೊಟ್ಟೆ ಭಾಗಕ್ಕೆ. ಮುಖಕ್ಕೆ ನೇರವಾಗಿ ತಿರುಗಿಸಲೇಬಾರದು, ನಿಯಮದಲ್ಲೂ ಇದೆ. ಹೆದರಿರೋ ಮನುಷ್ಯನ ಮುಖಕ್ಕೆ ನೊರೆ ಹೊಡೆದ್ರೆ ಅವನು ಬೆಲ್ಟ್ ಬಿಚ್ಚೋದು ಬಿಟ್ಟು ಮುಖ ಒರೆಸ್ಕೊಳ್ತಾನೆ.

ಒಂದು ಪುಟ್ಟ ಬ್ಯಾಟರಿ

ಸಿಸ್ಟಮ್ ಚಾಲೂ ಮಾಡೋಕೆ ಎರಡು ದಾರಿ. ಒಂದು ಮೆಕ್ಯಾನಿಕಲ್, ಸೈಕಲ್ ಬ್ರೇಕ್ ಥರ ಕೇಬಲ್ ಎಳೆಯೋದು. ಇನ್ನೊಂದು ಎಲೆಕ್ಟ್ರಿಕ್, ಬಟನ್ ಒತ್ತೋದು. ನಮ್ಮದು ಎಲೆಕ್ಟ್ರಿಕ್. ಕಂಟ್ರೋಲ್ ಬಾಕ್ಸ್‌ನೊಳಗೆ ಪುಟ್ಟ 9 ವೋಲ್ಟ್ ಬ್ಯಾಟರಿ ಇರುತ್ತೆ.

ನಮ್ಮ ಎಲೆಕ್ಟ್ರಿಶಿಯನ್ ಅದನ್ನ ನೋಡಿ ನಕ್ಕರು. "ಸಾರ್, ಆಟದ ಸಾಮಾನಿನ ಬ್ಯಾಟರಿ ಇದು. ಕಾರಲ್ಲೇ ಇಷ್ಟು ದೊಡ್ಡ ಬ್ಯಾಟರಿ ಇದೆ, ಅದಕ್ಕೇ ಕನೆಕ್ಷನ್ ಕೊಡ್ತೀನಿ ಬಿಡಿ."

ಕೇಳೋಕೆ ಸರಿ ಅನಿಸುತ್ತೆ. ಆದ್ರೆ ಯೋಚಿಸಿ. ಅಪಘಾತ ಆದಾಗ ಡ್ರೈವರ್ ಮಾಡೋ ಮೊದಲ ಕೆಲಸ ಏನು? ಮೇನ್ ಕಟ್-ಆಫ್ ಸ್ವಿಚ್ ಒತ್ತೋದು. ಅದು ಇಡೀ ಕಾರಿನ ಕರೆಂಟ್ ಕಡಿಯುತ್ತೆ, ಇಂಜಿನ್ ನಿಲ್ಲಿಸುತ್ತೆ. ಆಮೇಲೆ ಫೈರ್ ಬಟನ್ ಒತ್ತಿದ್ರೆ? ಕರೆಂಟೇ ಇಲ್ಲ. ಡಿಕ್ಕಿಯಲ್ಲಿ ಕಾರಿನ ಬ್ಯಾಟರಿಯೇ ಪುಡಿಯಾಗಿದ್ರೂ ಇದೇ ಕಥೆ. ಕಾರಿನ ವಿದ್ಯುತ್ ಪೂರ್ತಿ ಕೈಕೊಟ್ಟರೂ ಸಿಸ್ಟಮ್ ಕೆಲಸ ಮಾಡಬೇಕು ಅನ್ನೋದು ನಿಯಮ. ಆ ಆಟದ ಸಾಮಾನಿನ ಬ್ಯಾಟರಿ ಅಲ್ಲಿರೋದು ಇದೇ ಕಾರಣಕ್ಕೆ. ಮ್ಯಾನ್ಯುಯಲ್‌ನ ಆ ಪುಟ ಅವರ ಮುಂದೆ ಇಟ್ಟು ಇದನ್ನೇ ಹೇಳಿದೆ. ಅವರು ಎರಡು ನಿಮಿಷ ಓದಿ, "ಹೌದಲ್ವಾ" ಅಂದು ವೈರ್ ಬೇರೆ ಮಾಡಿದ್ರು. ಒಳ್ಳೆ ಕೆಲಸಗಾರರ ಲಕ್ಷಣ ಅದು, ಕಾರಣ ಗೊತ್ತಾದ್ರೆ ಸಾಕು. ಈಗ ಪ್ರತಿ ರ‍್ಯಾಲಿಗೂ ಮುಂಚೆ ಹೊಸ ಬ್ಯಾಟರಿ ಹಾಕ್ತೀವಿ. ನನ್ನ ಶೀಟ್‌ನಲ್ಲಿ ಅತಿ ಚಿಕ್ಕ ಖರ್ಚು ಅದು.

ವೈರಿಂಗ್ ಪೂರ್ತಿ ಟೆಸ್ಟ್ ಆದ ಮೇಲೇ ಬಾಟಲ್‌ಗೆ ಕನೆಕ್ಟರ್ ಹಾಕೋದು. ಬಾಕ್ಸ್‌ನಲ್ಲಿ ಟೆಸ್ಟ್ ಲೈಟ್ ಇರುತ್ತೆ, ಲೈನ್ ಸರಿ ಇದ್ರೆ ಹೊಳೆಯುತ್ತೆ. ಮತ್ತೆ, ಕಾರಿನಲ್ಲಿ ವೆಲ್ಡಿಂಗ್ ಮಾಡೋದಿದ್ರೆ ಮೊದಲು ಆ ಕನೆಕ್ಟರ್ ಬಿಚ್ಚಿ. ಇಲ್ಲಾಂದ್ರೆ ಗ್ಯಾರೇಜಲ್ಲೇ ನೊರೆ ಸ್ನಾನ ಆಗಬಹುದು.

ಕೈ ಎಟುಕುತ್ತಾ?

ಇದು ಎಲ್ಲಕ್ಕಿಂತ ಮುಖ್ಯ. ಡ್ರೈವರ್ ಸೀಟಲ್ಲಿ ಕೂತು, ಬೆಲ್ಟ್ ಹಾಕಿ, ಸ್ಟೀರಿಂಗ್ ಇದ್ದ ಜಾಗದಲ್ಲೇ ಇರುವಾಗ ಬಟನ್ ಕೈಗೆ ಸಿಗಬೇಕು. ಸುಮ್ಮನೆ ಕೂತು ಕೈ ಚಾಚಿದ್ರೆ ಯಾರಿಗಾದ್ರೂ ಸಿಗುತ್ತೆ. ಆರು ಪಾಯಿಂಟ್ ಹಾರ್ನೆಸ್ ಬಿಗಿಯಾಗಿ ಎಳೆದು ಕೂತು ನೋಡಿ, ಭುಜ ಒಂದಿಂಚೂ ಮುಂದೆ ಬರಲ್ಲ. ಅಣ್ಣನಿಗೂ ಕೋ-ಡ್ರೈವರ್‌ಗೂ ಹೆಲ್ಮೆಟ್, ಗ್ಲೌಸ್ ಸಮೇತ ಎಲ್ಲಾ ಹಾಕಿಸಿ, ಕಣ್ಣು ಮುಚ್ಚಿಸಿ ಬಟನ್ ಮುಟ್ಟಿ ಅಂದ್ವಿ. ಮೊದಲು ಗುರುತು ಹಾಕಿದ್ದ ಜಾಗ ಅಣ್ಣನಿಗೆ ಸಿಕ್ತು, ಕೋ-ಡ್ರೈವರ್‌ಗೆ ನಾಲ್ಕು ಬೆರಳಷ್ಟು ದೂರ ಉಳೀತು. ಇಬ್ಬರಿಗೂ ಎಟುಕೋ ಹಾಗೆ ನಡುವಿಗೆ ತಂದ ಮೇಲೇ ತೂತು ಕೊರೆದಿದ್ದು.

ಹೊರಗಡೆಯಿಂದ ಚಾಲೂ ಮಾಡೋ ವ್ಯವಸ್ಥೆಯೂ ಬೇಕು. ಒಳಗಿರೋರಿಗೆ ಪ್ರಜ್ಞೆ ಇಲ್ಲದಿದ್ರೆ ಮಾರ್ಷಲ್ ಅದನ್ನ ಬಳಸ್ತಾರೆ. ಅದರ ಗುರುತು, ಕೆಂಪು ಅಂಚಿನ ಬಿಳಿ ವೃತ್ತ, ಒಳಗೆ ಕೆಂಪಲ್ಲಿ ಇಂಗ್ಲಿಷ್‌ನ 'ಇ' ಅಕ್ಷರ, ಅಗಲ ಕನಿಷ್ಠ 10 ಸೆಂಟಿಮೀಟರ್. ಪಕ್ಕದಲ್ಲೇ ಕಟ್-ಆಫ್ ಸ್ವಿಚ್‌ಗೆ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚು. ಮುಂದೆ ರ‍್ಯಾಲಿ ನೋಡೋಕೆ ಹೋದಾಗ ಕಾರಿನ ಮೇಲೆ ಈ ಎರಡು ಸ್ಟಿಕ್ಕರ್ ಹುಡುಕಿ. ಅಲಂಕಾರಕ್ಕೆ ಹಾಕಿರೋದಲ್ಲ ಅಂತ ಈಗ ನಿಮಗೆ ಗೊತ್ತು.

ಆಮೇಲೆ ಕ್ರಮ. ಕಾರು ನಿಲ್ಲಿಸು, ಕಟ್-ಆಫ್ ಒತ್ತು, ಫೈರ್ ಬಟನ್ ಒತ್ತು, ಬೆಲ್ಟ್ ಬಿಚ್ಚು, ಇಳಿ. ಕಟ್-ಆಫ್ ಮೊದಲು ಯಾಕೆ? ಫ್ಯೂಯಲ್ ಪಂಪ್ ಓಡ್ತಾ ಇದ್ರೆ ಬೆಂಕಿಗೆ ಪೆಟ್ರೋಲ್ ಬಡಿಸ್ತಾ ಇರುತ್ತೆ. ಬಾಟಲ್‌ನಲ್ಲಿರೋದು ಕೆಲವೇ ಲೀಟರ್, ಎರಡನೇ ಚಾನ್ಸ್ ಇಲ್ಲ. ಇಬ್ಬರೂ ಗ್ಯಾರೇಜಲ್ಲಿ ಇದನ್ನ ಹತ್ತಾರು ಸಲ ಮಾಡಿದ್ರು, ನಾನು ಫೋನಲ್ಲಿ ಸ್ಟಾಪ್‌ವಾಚ್ ಹಿಡಿದೆ. ಮೊದಲ ಸಲ ಅಣ್ಣ 19 ಸೆಕೆಂಡ್. ಕೊನೆಗೆ 9. ನೆನಪಿದೆಯಲ್ಲ, ಸೂಟ್ ಕೊಡೋ ಗ್ಯಾರಂಟಿ 12.

ಇನ್ನೊಂದು ಪುಟ್ಟ ವಿಷಯ. ಸರ್ವಿಸ್ ಪಾರ್ಕ್‌ನಲ್ಲಿ ಯಾರೋ ತಿಳೀದೆ ಬಟನ್ ಒತ್ತದಿರಲಿ ಅಂತ ಸಿಸ್ಟಮ್‌ನ ಆಫ್‌ನಲ್ಲಿ ಇಟ್ಟಿರ್ತಾರೆ. ಸ್ಟೇಜ್‌ಗೆ ಹೋಗೋ ಮುಂಚೆ ಆನ್ ಮಾಡೋದು ಮರೆತ್ರೆ ಇಷ್ಟೂ ಖರ್ಚು ವೇಸ್ಟ್. ಅದಕ್ಕೇ ಕೋ-ಡ್ರೈವರ್‌ನ ಪೇಸ್ ನೋಟ್ ಪುಸ್ತಕದಲ್ಲಿ ಪ್ರತಿ ಸ್ಟೇಜ್‌ನ ಮೊದಲ ಪುಟದ ಮೇಲೆ ಕೆಂಪು ಇಂಕಲ್ಲಿ ಬರೆದಿದೆ: "ಬೆಂಕಿ ಸ್ವಿಚ್ ಆನ್."

ನಿಮ್ಮ ಕಾರಿಗೆ

"ನಾವೇನು ರ‍್ಯಾಲಿ ಓಡಿಸ್ತೀವಾ?" ಅಂತ ಕೇಳ್ತಿದ್ದೀರಿ ಅಲ್ವಾ. 2017ರ ಮಾರ್ಚ್‌ನಲ್ಲಿ ಚೆನ್ನೈನಲ್ಲಿ ರೇಸರ್ ಅಶ್ವಿನ್ ಸುಂದರ್ ಮತ್ತು ಅವರ ಪತ್ನಿ ತೀರಿಕೊಂಡ್ರು. ರೇಸ್ ಟ್ರ್ಯಾಕ್‌ನಲ್ಲಲ್ಲ, ಊರಿನ ರಸ್ತೆಯಲ್ಲಿ. ಕಾರು ಮರಕ್ಕೆ ಗುದ್ದಿ ಬೆಂಕಿ ಹತ್ತಿತ್ತು, ಆಚೆ ಬರೋಕೆ ಆಗಲಿಲ್ಲ. ಬೆಂಕಿಗೆ ಟ್ರ್ಯಾಕ್ ಯಾವುದು ರಸ್ತೆ ಯಾವುದು ಅನ್ನೋ ಭೇದ ಇಲ್ಲ. ನಮ್ಮ ಬಸ್‌ಗಳ ಇಂಜಿನ್ ರೂಮ್‌ಗೂ ಇದೇ ಥರ ಬೆಂಕಿ ಪತ್ತೆ ಹಚ್ಚಿ ಆರಿಸೋ ಸಿಸ್ಟಮ್‌ಗೆ ಭಾರತದಲ್ಲಿ ಎಐಎಸ್-135 ಅನ್ನೋ ಸ್ಟ್ಯಾಂಡರ್ಡ್ ಇದೆ.

ಹಾಗಾಗಿ ಮೂರು ಕೆಲಸ ಮಾಡಿ. ಒಂದು, 1 ಕೆಜಿಯ ಎಬಿಸಿ ಎಕ್ಸ್‌ಟಿಂಗ್ವಿಶರ್ ತಗೊಂಡು ಕೈಗೆ ಸಿಗೋ ಕಡೆ ಬ್ರಾಕೆಟ್ ಹಾಕಿ ಗಟ್ಟಿಯಾಗಿ ಕೂರಿಸಿ. ಡಿಕ್ಕಿಯಲ್ಲಿ ಲಗೇಜ್ ಕೆಳಗೆ ಇಟ್ಟರೆ ಇಟ್ಟಂಗೇ ಅಲ್ಲ. ಗೇಜ್ ಮುಳ್ಳು ಹಸಿರಲ್ಲಿದೆಯಾ ನೋಡ್ತಿರಿ. ಎರಡು, ಸೀಟ್ ಬೆಲ್ಟ್ ಕತ್ತರಿಸಿ ಗಾಜು ಒಡೆಯೋ ಪುಟ್ಟ ಸಾಧನ ಸಿಗುತ್ತೆ, ಸೀಟಲ್ಲಿ ಕೂತು ಎಟುಕೋ ಜಾಗದಲ್ಲಿಡಿ. ಮೂರು, ಬಾನೆಟ್‌ನಿಂದ ಹೊಗೆ ಬಂದ್ರೆ ಗಾಡಿ ನಿಲ್ಲಿಸಿ, ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭಗ್ಗನೆ ಏಳುತ್ತೆ. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿಗೆ ಬೆಂಕಿ ಹತ್ತಿದ್ರೆ ಆರಿಸೋ ಸಾಹಸ ಬೇಡವೇ ಬೇಡ. ದೂರ ಹೋಗಿ 112ಕ್ಕೆ ಫೋನ್ ಮಾಡಿ.

ನಮ್ಮ ಕಾರು ಈ ಸೀಸನ್‌ನ ಸ್ಕ್ರೂಟಿನಿ ಪಾಸಾಯ್ತು. ತಪಾಸಣೆ ಮಾಡಿದವರು ಬ್ರಾಕೆಟ್ ಹಿಡಿದು ಜೋರಾಗಿ ಅಲ್ಲಾಡಿಸಿ, ಡೇಟ್ ಓದಿ, ಸಹಿ ಹಾಕಿದ್ರು. ಸಸ್ಪೆನ್ಷನ್ ಹಳೇದೇ. ಅಣ್ಣ ಪೋಡಿಯಂ ಹತ್ತಿಲ್ಲ. ನನ್ನ ಶೀಟ್‌ನಲ್ಲಿ ಫೈರ್ ಸಿಸ್ಟಮ್ ಅನ್ನೋದು ಇನ್ನೂ ಒಂದು ರೂಪಾಯಿ ಲಾಭ ತರದ ಖರ್ಚು. ಅದು ಹಾಗೇ ಇರಲಿ ಅಂತ ನಮ್ಮ ದೊಡ್ಡಮ್ಮ ದೇವರಿಗೆ ದೀಪ ಹಚ್ತಾರೆ.